ಅಜ್ಜಿ ಮಲಗಿದ್ದ ನೆಲ

ಇದು ನಿಜವಾಗಿ ನಡೆದದ್ದು. ಬೇಕಾದರೆ ಆಣೆ ಇಟ್ಟು ಹೇಳುತ್ತಿದ್ದೆ. ಆದರೆ ನಮ್ಮ ಮನೆಯಲ್ಲಿ ಆಣೆ ಇಡುವುದನ್ನು ಬಿಟ್ಟಿದ್ದೇವೆ. ಒಂದು ಹಿಡಿ ಮಣ್ಣು ಮುಟ್ಟಿ ಇಟ್ಟ ಆಣೆ ನನ್ನ ಮದುವೆಯನ್ನೇ ಮಣ್ಣುಪಾಲು ಮಾಡುವುದರಲ್ಲಿತ್ತು. ಆದ್ದರಿಂದ ಬರೀ ಬಾಯಲ್ಲಿ ಹೇಳುತ್ತೇನೆ. ನಂಬಿದರೆ ನಂಬಿ. ಇಲ್ಲವಾದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಬ್ಬರೇ ಕೂತು ಓದಿ. ನಂಬಿಕೆ ತಾನಾಗಿ ಬರುತ್ತದೆ.

ಯುದ್ಧದ ಕಾಲ. ಮಂಡ್ಯದಲ್ಲಿ ಸೀಮೆಎಣ್ಣೆಗೆ ಕ್ಯೂ, ಮಳವಳ್ಳಿಯ ಬಸ್ಸು ಇದ್ದಿಲ ಗ್ಯಾಸು ಕುಡಿದು ಕೆಮ್ಮುತ್ತಾ ಓಡುತ್ತಿದ್ದ ದಿನಗಳು. ನಮ್ಮ ಮನೆ ಗುತ್ತಲಿನಲ್ಲಿ. ಮನೆ ಅನ್ನುವುದಕ್ಕಿಂತ ಸಂತೆ ಅನ್ನಿ. ಅಪ್ಪ ದೇವಯ್ಯ, ಅವ್ವ ಮಲ್ಲಿಗಮ್ಮ, ಚಿಕ್ಕಪ್ಪಂದಿರು, ಅವರ ಹೆಂಡಿರು, ಎಣಿಸಲು ನಿಂತರೆ ಅಲ್ಲಾಡಿಬಿಡುವ ಮಕ್ಕಳು, ಕಬ್ಬು ಕಡಿಯುವ ಆಳುಗಳು, ನಡುಮನೆಯ ತನಕ ಬಂದು ರಾಗಿಗೆ ಬಾಯಿ ಹಾಕುವ ಕರುಗಳು. ಇಷ್ಟೂ ಕಾಲುಗಳನ್ನು ಹೊರುತ್ತಿದ್ದುದು ಮಣ್ಣಿನ ನೆಲ. ಅವ್ವ ಅದನ್ನು ಸಗಣಿಯಲ್ಲಿ ಸಾರಿಸುತ್ತಿದ್ದಳು, ಅದು ಕಿತ್ತು ಬರುತ್ತಿತ್ತು, ಮತ್ತೆ ಸಾರಿಸುತ್ತಿದ್ದಳು.

"ಸಾರಿಸಿ ಸಾರಿಸಿ ನನ್ನ ಅಂಗೈ ಗೆರೆನೇ ಅಳಿಸೋಯ್ತು. ಇನ್ನು ನನ್ನ ಅಣೇಬರ ಓದೋರ್ಯಾರು?" ಅನ್ನುತ್ತಿದ್ದಳು.

ನಾನು ಹೊಂಬಾಳೆ. ಕಾಲೇಜಿನ ರಿಜಿಸ್ಟರಿನಲ್ಲಿ ಹೊಂಬಾಳಮ್ಮ. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ ಆಗ ತಾನೇ ಬಂದಿದ್ದೆ. ಕಾಲೇಜು ಅಂದರೆ ಕಾಲ ಕಳೆಯುವ ಏಜು ಎಂದು ನಾನೇ ಹೇಳಿ ನಾನೇ ನಗುತ್ತಿದ್ದೆ. ಅಲ್ಲಿ ಕಲಿತದ್ದರಲ್ಲಿ ಉಳಿದದ್ದು ಒಂದೇ, ಇನ್ನೊಬ್ಬರ ದನಿಯಲ್ಲಿ ಮಾತಾಡುವುದು. ಹಾಸ್ಟೆಲ್ಲಿನ ಮೇಡಂ ಮೂಗಿನಲ್ಲಿ ಬಯ್ಯುವುದು, ಬಸ್ಸಿನ ಏಜೆಂಟು "ಮದ್ದೂರ್ ಮದ್ದೂರ್" ಎಂದು ಗಂಟಲು ಹರಿದುಕೊಳ್ಳುವುದು, ಎಲ್ಲ ಬರುತ್ತಿತ್ತು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ನಮ್ಮಜ್ಜಿಯ ದನಿ.

ಅಜ್ಜಿ ಸತ್ತು ಆಗ ಕೆಲವೇ ತಿಂಗಳಾಗಿತ್ತು.

ಆಣೆಯ ವಿಷಯ ಮೊದಲು ಹೇಳಬೇಕು. ಅಪ್ಪನ ಒಬ್ಬಳೇ ತಂಗಿ ಮೀನಾಕ್ಷಮ್ಮನನ್ನು ಮಳವಳ್ಳಿಗೆ ಕೊಟ್ಟಿತ್ತು. ನಾನಿನ್ನೂ ಲಂಗ ಎತ್ತಿ ಕಟ್ಟಿ ಓಡಾಡುತ್ತಿದ್ದಾಗ, ಒಂದು ಹಬ್ಬದ ಊಟದಲ್ಲಿ ನಮ್ಮಜ್ಜಿ ಪಟ್ಟಲಮ್ಮ ಆ ಅತ್ತೆಯ ಗಂಡನನ್ನು ಕೊನೆಯ ಪಂಕ್ತಿಯಲ್ಲಿ, ಆಳುಗಳ ಪಕ್ಕ ಕೂರಿಸಿದಳು. ಮರೆತು ಕೂರಿಸಿದಳೋ, ಬೇಕೆಂದೇ ಕೂರಿಸಿದಳೋ, ಅವಳಿಗೇ ಗೊತ್ತು. ಅತ್ತೆ ಬಡಿಸುತ್ತಿದ್ದ ಪಾತ್ರೆ ಕೆಳಗಿಟ್ಟಳು. ನಡುಮನೆಯ ನೆಲವನ್ನು ಉಗುರಿನಿಂದ ಕೆರೆದು ಒಂದು ಹಿಡಿ ಮಣ್ಣು ಕೈಗೆತ್ತಿಕೊಂಡಳು.

"ಈ ಮಣ್ಣು ಈ ಮನೇಲಿರೋಗಂಟ ನಾನು ಇಲ್ಲಿ ಕಾಲಿಕ್ಕಾಕಿಲ್ಲ!"

"ಇಕ್ಬ್ಯಾಡ ಬುಡು!" ಅಂದಳು ಅಜ್ಜಿ.

ಅಷ್ಟೇ. ಅಜ್ಜಿ ಸತ್ತ ದಿನವೂ ಅತ್ತೆ ಬೀದಿಯಲ್ಲೇ ನಿಂತಿದ್ದಳು. ಚಟ್ಟ ಹೊಸ್ತಿಲು ದಾಟಿ ಹೊರಗೆ ಬಂದ ಮೇಲೆ ತಾಯಿಯ ಮುಖ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಯಾರ ಹತ್ತಿರವೂ ಒಂದು ಮಾತಿಲ್ಲದೆ ಬಸ್ಸು ಹತ್ತಿದಳು.

ನಮ್ಮ ಕಡೆ ಹನ್ನೊಂದನೆಯ ದಿನ, ಜೀವ ಹೋದ ಜಾಗದಲ್ಲಿ ರಾಗಿ ಹಿಟ್ಟನ್ನು ತೆಳ್ಳಗೆ ಜರಡಿ ಹಿಡಿದು ಮೇಲೆ ಮಂಕರಿ ಬುಟ್ಟಿ ಬೋರಲು ಹಾಕುತ್ತಾರೆ. ಬೆಳಗ್ಗೆ ತೆಗೆದರೆ ಹಿಟ್ಟಿನಲ್ಲಿ ಗುರುತಿರಬೇಕು. ಹಕ್ಕಿಯ ಕಾಲೋ, ಕರುವಿನ ಗೊರಸೋ, ಕೊನೆಗೆ ಇರುವೆಯ ಸಾಲೋ. ಹೋದವರು ಯಾವ ರೂಪದಲ್ಲಿ ಹೋದರೆಂದು ಅದರಿಂದ ತಿಳಿಯುತ್ತಾರೆ.

ಅಜ್ಜಿಯ ಹಿಟ್ಟಿನಲ್ಲಿ ಏನೂ ಇರಲಿಲ್ಲ. ಹರಡಿದ್ದು ಹರಡಿದ ಹಾಗೇ ಇತ್ತು.

"ಮುದುಕಿ ಓಗಿಲ್ಲ" ಅಂದಿತು ಕೇರಿ.

ಅದಾದ ಮೇಲೆ ತೇವ ಕಾಣಿಸಿಕೊಂಡಿತು. ಅಜ್ಜಿ ಮಲಗುತ್ತಿದ್ದ ಜಾಗದಲ್ಲೇ, ನಡುಮನೆಯ ಕಂಬದ ಪಕ್ಕ. ಮೊದಲು ತಲೆಯಷ್ಟು. ಆಮೇಲೆ ಕೆಳಗಿಳಿಯಿತು, ಹೆಗಲಿನಂತೆ ಅಗಲವಾಯಿತು, ಮಂಡಿಯ ಬಳಿ ಮಡಿಸಿತು. ಅಜ್ಜಿ ಯಾವಾಗಲೂ ಮಂಡಿ ಮಡಿಸಿಯೇ ಮಲಗುತ್ತಿದ್ದುದು. ಅವ್ವ ಎಷ್ಟು ಸಾರಿಸಿದರೂ ಮಾರನೆಯ ದಿನ ಅದು ಅಲ್ಲೇ, ಕಪ್ಪಗೆ, ತಣ್ಣಗೆ. ಅದರ ಮೇಲೆ ಕಾಲಿಟ್ಟರೆ ಒಳಗಿನಿಂದ 'ದೊಬ್' ಎಂದು ದನಿ. ಆ ಮನೆಯಲ್ಲಿ ಯಾವುದಕ್ಕೂ ಹೆದರದ ಮಕ್ಕಳು ಆ ಜಾಗವನ್ನು ಬಳಸಿಕೊಂಡು ಓಡುವುದನ್ನು ಯಾರೂ ಹೇಳಿಕೊಡದೆ ಕಲಿತರು.

ಸಿದ್ದರಾಜು ಬಂದದ್ದು ಇಂಥ ಮನೆಗೆ.

ಅವನು ಅದೇ ಮಳವಳ್ಳಿ ಅತ್ತೆಯ ಮಗ, ನಾಲೆಯ ಇಲಾಖೆಯಲ್ಲಿ ಓವರ್‌ಸಿಯರ್. ಆಣೆ ತಾಯಿಯದು, ಮಗನಿಗೆ ಹೊಸ್ತಿಲು ಮುಕ್ತ. ನೆಲಕ್ಕೆ ಏನು ಹಾಕಿಸಿದರೆ ಬಾಳಿಕೆ ಬರುತ್ತದೆಂದು ಕೇಳಿ ಅವ್ವನೇ ಅವನಿಗೆ ಹೇಳಿ ಕಳಿಸಿದ್ದಳು. ಅದು ನನಗೆ ಗೊತ್ತಿರಲಿಲ್ಲ. ಮುಸ್ಸಂಜೆ. ದೀಪ ಇನ್ನೂ ಹಚ್ಚಿರಲಿಲ್ಲ. ನಡುಮನೆಯ ಕತ್ತಲಲ್ಲಿ ಚಿಕ್ಕಮ್ಮ ತಲೆ ಬಿಚ್ಚಿ ಬಾಚುತ್ತಿದ್ದಳು. ನನಗೆ ಸುಮ್ಮನಿರಲಾಗಲಿಲ್ಲ. ಅಜ್ಜಿಯ ಗಂಟಲು ತೆಗೆದೆ.

"ಯಾವಳೇ ಅದು, ದೀಪ ಅಚ್ಚೋ ವೊತ್ನಲ್ಲಿ ತಲೆ ಕೆದ್ರಿಕೊಂಡು ಕುಂತಿರಾದು?"

ಚಿಕ್ಕಮ್ಮ ಕಿಟಾರನೆ ಕಿರುಚಿದಳು. ಅದೇ ಗಳಿಗೆಗೆ ಬಾಗಿಲ ಬಳಿ ಭಾರದ್ದೇನೋ ಧಡಾರನೆ ಬಿತ್ತು.

"ಅಜ್ಜೀ..." ಅಂದಿತು ಒಂದು ಗಂಡಸಿನ ದನಿ.

"ಯಾಕ್ಲಾ ವೊಸ್ಲತ್ರ ನಿಂತಿದ್ದೀಯೆ? ಬಾ ಒಳೀಕೆ. ನಾನೇನು ಕಾಲು ಮುರುದೇನಾ?" ಅಂದೆ, ಇನ್ನೂ ಅಜ್ಜಿಯಾಗಿಯೇ.

ಅವ್ವ ದೀಪ ತಂದಳು. ಬೆಳಕು ಮೊದಲು ಬಿದ್ದದ್ದು ಅವನ ಕಣ್ಣಿನ ಮೇಲೆ. ಅಷ್ಟು ದೊಡ್ಡದಾಗಿ ಬಿಚ್ಚಿದ ಕಣ್ಣನ್ನು ನಾನು ನೋಡಿರಲಿಲ್ಲ. ರೆಪ್ಪೆ ಉದ್ದ. ಅದರ ತುದಿಯಲ್ಲಿ ಭಯ, ಇಬ್ಬನಿ ನಿಂತ ಹಾಗೆ. ಆ ಕಣ್ಣು ಅಜ್ಜಿಯನ್ನು ಹುಡುಕುತ್ತಾ ಬಂದು ನನ್ನ ಮೇಲೆ ನಿಂತಿತು. ನಿಂತದ್ದು ಮತ್ತೆ ಹೊರಡಲಿಲ್ಲ.

"ನೀನಾ?"

"ನಾನೇ ಬಾವ. ಅಜ್ಜಿ ಊರಲ್ಲಿಲ್ಲ."

"ಪ್ರಾಣ ಹೋಗಿತ್ತು ಕಣಮ್ಮಿ ನಂದು."

"ಎಲ್ಲಿ ಬೀಳಿಸಿಕೊಂಡ್ರಿ? ದೀಪ ಇದೆ, ಹುಡುಕಿಕೊಡ್ಲಾ?"

ಅವನ ತುಟಿಯ ಒಂದು ತುದಿ ಮಾತ್ರ ನಕ್ಕಿತು. ಬಗ್ಗಿ ಕೆಳಗೆ ಬಿದ್ದ ಗೋಣಿಚೀಲ ಬಿಚ್ಚಿದ. ಒಳಗೆ ಅವನು ಮಾದರಿಗೆಂದು ತಂದಿದ್ದ ನೆಲದ ತುಂಡುಗಳು. ಕಡಪ ಕಲ್ಲು ಎರಡು ಹೋಳಾಗಿತ್ತು.

"ಕಡಪ ಕಲ್ಲು ಫೇಲ್" ಅಂದೆ.

"ನೀನು ಇರೋ ಮನೇಲಿ ಯಾವ ಕಲ್ಲು ತಾನೇ ಪಾಸಾದೀತು?" ಅಂದ. ಅಂದು ಒಂದು ಹೆಜ್ಜೆ ಮುಂದಿಟ್ಟ. ಕಂಬದ ಪಕ್ಕ, ನೇರ ಆ ತೇವದ ಎದೆಯ ಮೇಲೆ.

ದೊಬ್.

ಮನೆಯ ಮಾತೆಲ್ಲ ನಿಂತಿತು. ತೊಟ್ಟಿಲಲ್ಲಿ ಅಳುತ್ತಿದ್ದ ಮಗು ಕೂಡ. ಅವನು ಕಾಲು ತೆಗೆದ. ನೋಡುತ್ತಿದ್ದ ಹಾಗೇ ಅವನ ಹೆಜ್ಜೆಯ ಗುರುತು ತುಂಬಿಕೊಂಡು ಮೇಲೆದ್ದಿತು, ಒಳಗಿನಿಂದ ಯಾರೋ ಉಸಿರೆಳೆದುಕೊಂಡ ಹಾಗೆ.

ಮಾರನೆಯ ದಿನ ಅಪ್ಪ ಜಗಲಿಯ ಮೇಲೆ ಮಾದರಿಗಳಿಗೆ ಪರೀಕ್ಷೆ ಇಟ್ಟ. ಒನಕೆಯನ್ನು ಎತ್ತರದಿಂದ ಬಿಟ್ಟ. ಕರುವನ್ನು ಮೇಲೆ ನಡೆಸಿದ. ಹರಳೆಣ್ಣೆ ಸುರಿದ. ಬಿಸಿ ಬೆಲ್ಲದ ಪಾಕ ಚೆಲ್ಲಿ ಒಣಗಲು ಬಿಟ್ಟು ಉಗುರಲ್ಲಿ ಕೆರೆದ. ಕೆಂಪು ಸಿಮೆಂಟಿನ ತುಂಡು ನೋಡಲು ರಾಜಕುಮಾರ. ಒನಕೆ ಬಿದ್ದ ಕೂಡಲೇ ಮೂಲೆ ಹಾರಿಹೋಯಿತು. ಅದೂ ಅಲ್ಲದೆ ಯುದ್ಧ ಮುಗಿಯುವ ತನಕ ಸಿಮೆಂಟಿಗೆ ಪರ್ಮಿಟ್ಟು, ಪರ್ಮಿಟ್ಟಿಗೆ ಸಲಾಮು. ಕಲ್ಲಿನ ನೆಲವಾದರೆ ಸಂದಿಯಲ್ಲಿ ರಾಗಿ ಕೂತು ಇರುವೆ ಸಂಸಾರ ಹೂಡುತ್ತದೆ, ಮಂಡಿಗೆ ಶೀತ ಎಂದು ಅವ್ವ ತಳ್ಳಿಹಾಕಿದಳು. ಉಳಿದದ್ದು ಗಾರೆ. ಸುಣ್ಣ, ಇಟ್ಟಿಗೆಪುಡಿ, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಅರೆದು ಬಡಿದು ನುಣುಪು ಮಾಡಿದ್ದು. ಒನಕೆ ಅದರ ಮೇಲೆ ಬಿದ್ದು ಪಕ್ಕಕ್ಕೆ ಹೊರಳಿತು. ಗಾರೆಗೆ ಏನೂ ಆಗಲಿಲ್ಲ.

ಅಪ್ಪ ಗದ್ದೆಗೆ ಹೋದ ಮೇಲೆ ಸಿದ್ದರಾಜು ನನ್ನ ಕಡೆ ತಿರುಗಿದ.

"ಒನಕೆ ಒಪ್ಪಿದರೆ ಸಾಲದು. ದಿನಾ ಓಡಾಡೋ ಕಾಲು ಒಪ್ಪಬೇಕು. ಕಣ್ಣು ಮುಚ್ಚು. ಒಂದೊಂದಾಗಿ ಇಡ್ತೀನಿ, ಮೆಟ್ಟಿ ಹೇಳು."

ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದರೆ ಎದುರಿಗಿರುವವರ ನೋಟ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅದು ನನ್ನ ಕಾಲ್ಬೆರಳಿನಿಂದ ಹೊರಟು ಜಡೆಯ ಕುಚ್ಚಿನ ತನಕ ನಿಧಾನವಾಗಿ ಹತ್ತುವುದು ನನಗೆ ಗೊತ್ತಾಯಿತು.

"ಇದು ನಮ್ಮ ಹಾಸ್ಟೆಲ್ ಮೇಡಂ" ಅಂದೆ ಮೊದಲನೆಯದನ್ನು ಮೆಟ್ಟಿ. "ತಣ್ಣಗೆ. ಮೇಲೆ ಯಾರು ನಿಂತಿದ್ದಾರೆ ಅಂತ ಕೂಡ ವಿಚಾರಿಸಲ್ಲ."

"ಕಲ್ಲು. ಮುಂದೆ?"

"ಇದು ಮೈಸೂರಿನ ಹುಡುಗ. ನುಣುಪು. ನಂಬಿ ನಿಂತರೆ ಜಾರಿಸ್ತಾನೆ."

"ಸಿಮೆಂಟು. ಎಷ್ಟು ಜನ ಜಾರಿಸಿದ್ರು?"

"ನಾನು ಬಿದ್ದಿಲ್ಲ ಬಾವ, ಚಿಂತೆ ಬೇಡ. ಇಡಿ ಮೂರನೇದು."

ಮೂರನೆಯದು ಬೆಚ್ಚಗಿತ್ತು. ಸ್ವಲ್ಪ ಒರಟು, ಆದರೂ ಮೆತ್ತಗೆ. ಹಿಮ್ಮಡಿ ಅದರಲ್ಲಿ ಸರಿಯಾಗಿ ಕೂತಿತು, ಅಳತೆ ಕೊಟ್ಟು ಮಾಡಿಸಿದ ಹಾಗೆ.

"ಇದೇ ಇರಲಿ" ಅಂದೆ. "ಇಡೀ ಮನೆಗೂ ಇದೇ ಹಾಸಿ."

ಕಣ್ಣು ಬಿಟ್ಟರೆ ಗಾರೆಯ ತುಂಡು ಅವನ ಎಡಗೈಯಲ್ಲಿತ್ತು. ನನ್ನ ಕಾಲ ಕೆಳಗಿದ್ದುದು ಅವನ ಬಲ ಅಂಗೈ.

ನಾಲಗೆ ಕಚ್ಚಿಕೊಂಡು ಹಿಂದೆ ಹಾರಿದೆ. "ಅಯ್ಯಯ್ಯೋ, ಕಾಲು ಸೋಕಿಸಿಬಿಟ್ಟೆ!"

"ಇಡೀ ಮನೆಗೆ ಹಾಸೋಕೆ ಇಷ್ಟು ಸಾಲಲ್ಲ" ಅಂದ ಅವನು ಅಂಗೈ ನೋಡಿಕೊಳ್ಳುತ್ತಾ. "ಒಬ್ಬಳಿಗಾದ್ರೆ ಆಗ್ತದೆ."

ನಾನು ಏನಾದರೂ ಚುರುಕಾಗಿ ಹೇಳಬೇಕಿತ್ತು. ಜೀವಮಾನದಲ್ಲಿ ಮೊದಲ ಸಲ ಯಾರ ದನಿಯೂ ಬರಲಿಲ್ಲ, ನನ್ನದೂ ಬರಲಿಲ್ಲ. ಆ ಮೌನದಲ್ಲೇ ಒಳಗಿನಿಂದ ಕೇಳಿಸಿತು, ದೊಬ್. ಆಗ ನಡುಮನೆಯಲ್ಲಿ ಯಾರೂ ಇರಲಿಲ್ಲ.

ಗಾರೆ ಕೆಲಸಕ್ಕೆ ಮದ್ದೂರಿನಿಂದ ಅಫ್ಸರ್ ಪಾಷಾ ಬಂದರು. ನೆಲಕ್ಕೆ ಒಂದು ಸಲಾಕೆ ಚುಚ್ಚಿ, ತುದಿಗೆ ಅಂಟಿಬಂದ ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿದರು.

"ಗೌಡ್ರೆ, ಈ ಹಸಿ ಮಣ್ಣಿನ ಮೇಲೆ ನಾನು ಗಾರೆ ಹಾಕೋದಿಲ್ಲ. ಎಲ್ಲಾ ಅಗೆದು ತೆಗೀರಿ, ಕೆಳಗೆ ಜಲ್ಲಿ ತುಂಬಿ ದಿಮ್ಮಿಸಿ ಗಟ್ಟಿ ಮಾಡೋಣ, ಆಮೇಲೆ ಗಾರೆ. ಇಲ್ಲಾಂದ್ರೆ ಒಂದು ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬರ್ತದೆ, ನೀವು ನನ್ನ ಹೆಸರು ಹೇಳಿ ಬಯ್ತೀರಿ."

"ಅಗಿಯಾದು ಮಾತ್ರ ಆಗಾಕಿಲ್ಲ" ಅಂದ ಅಪ್ಪ.

"ಯಾಕೆ?"

ಅಪ್ಪ ಕಂಬದ ಕಡೆ ನೋಡಿದ. "ನಮ್ಮವ್ವ ಅಲ್ಲೇ ಅವಳೆ."

ಅಫ್ಸರ್ ಪಾಷಾ ಸಲಾಕೆಯನ್ನು ಮೆಲ್ಲಗೆ ಹೊರಗಿಟ್ಟು, ಟೋಪಿ ಸರಿಮಾಡಿಕೊಂಡು ಜಗಲಿಗೆ ಬಂದು ಕೂತರು. "ತಾಯಿಯವರು ಒಪ್ಪಿದ ಮೇಲೆ ಹೇಳಿ ಕಳಿಸಿ" ಅಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ನನಗೂ ಅದು ತಮಾಷೆಯ ವಿಷಯವಾಗಿರಲಿಲ್ಲ. ಅಪ್ಪನಿಗೆ ಸಿದ್ದರಾಜು ಎಂದರೆ ಪ್ರೀತಿ. ಆದರೆ ಗಂಡಿನ ತಾಯಿ ಬಂದು ಹೆಣ್ಣಿನ ಮನೆಯ ನಡುಮನೆಯಲ್ಲಿ ಕೂತು ವೀಳ್ಯ ಇಸಿದುಕೊಳ್ಳದೆ ನಮ್ಮಲ್ಲಿ ಸಂಬಂಧ ಕೂಡುವುದಿಲ್ಲ. ಮಣ್ಣು ಇರುವ ತನಕ ಅತ್ತೆ ಬರುವುದಿಲ್ಲ. ಅಜ್ಜಿ ಇರುವ ತನಕ ಅಪ್ಪ ಮಣ್ಣು ತೆಗೆಯುವುದಿಲ್ಲ. ಈ ನಡುವೆ ಕೊಪ್ಪದಿಂದ ಒಂದು ಗಂಡಿನ ಕಡೆಯವರು ಕೇಳಿದ್ದರು. ಮಾರ್ನಮಿ ಹಬ್ಬ ಕಳೆದ ಮೇಲೆ ವೀಳ್ಯಕ್ಕೆ ಬನ್ನಿ ಎಂದು ಅಪ್ಪ ಮಾತು ಕೊಟ್ಟೂ ಆಗಿತ್ತು.

ಸಿದ್ದರಾಜು ಮುಂದಿನ ಸಲ ಬಂದಾಗ ಬಾವಿಯ ಬಳಿ ಹಿಡಿದು ನಿಲ್ಲಿಸಿದೆ.

"ಅಪ್ಪನಿಗೆ ಅಜ್ಜಿಯ ಒಪ್ಪಿಗೆ ಬೇಕು ತಾನೇ? ಕೊಡಿಸ್ತೀನಿ."

"ಹೆಂಗೆ?"

"ಅಮಾಸೆ ದಿನ ಹಿರೀಕರಿಗೆ ಎಡೆ ಇಟ್ಟು ಬಾಗಿಲು ಮುಚ್ತಾರಲ್ಲ, ಆಗ ನಾನು ಅಟ್ಟದ ಮೇಲಿರ್ತೀನಿ. ಅಜ್ಜಿ ಒಂದು ಮಾತು ಹೇಳಿಬಿಡ್ತಾಳೆ. ಮಣ್ಣು ತಗೀಲಾ ಅಂತ."

ಅವನ ಮುಖ ಸಣ್ಣದಾಯಿತು. "ಬ್ಯಾಡ ಹೊಂಬಾಳೆ. ನನ್ನ ಹೆದರ್ಸಿದ್ದು ಬೇರೆ. ಅದು ನಿಮ್ಮಪ್ಪ ತಾಯಿಗೆ ಅನ್ನ ಇಡೋ ಹೊತ್ತು."

"ಹಾಗಾದ್ರೆ ಕೊಪ್ಪದೋರಿಗೆ ಕಾಫಿ ಕೊಡೋಕೆ ನಿಮ್ಮನ್ನೇ ಕರೀತೀನಿ, ಬನ್ನಿ."

ಅವನು ನನ್ನನ್ನೇ ನೋಡಿದ. ಕೋಪದ ನೋಟವಲ್ಲ. ಬಾವಿಗೆ ಬಿದ್ದ ಕೊಡವನ್ನು ಹಗ್ಗ ಕೈಯಲ್ಲಿ ಹಿಡಿದು ಮೇಲಿಂದ ನೋಡುತ್ತಾರಲ್ಲ, ಹಾಗೆ. ಸಂಜೆಯ ಬಸ್ಸಿಗೆ ಮಳವಳ್ಳಿಗೆ ಹೋದ.

ಮಹಾಲಯ ಅಮಾವಾಸ್ಯೆ ಬಂತು. ಅವತ್ತು ಮಧ್ಯಾಹ್ನದಿಂದಲೇ ಬೆಳಕು ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಎಲೆ ಅಲ್ಲಾಡಲಿಲ್ಲ. ನಡುಮನೆಯಲ್ಲಿ, ತೇವದ ತಲೆಯ ಕಡೆ, ಅವ್ವ ಬಾಳೆಯೆಲೆ ಹಾಸಿ ಬಡಿಸಿದಳು: ಮುದ್ದೆ, ಕೋಳಿ ಸಾರು, ಅಜ್ಜಿಗೆ ಇಷ್ಟವಾದ ಉಪ್ಪೆಸರು, ಪಕ್ಕದಲ್ಲಿ ಎಲೆಯಡಿಕೆ ಹೊಗೆಸೊಪ್ಪು. ಅಜ್ಜಿಯ ಕಂದು ಸೀರೆಯನ್ನು ಮಡಿಸಿ ಎಲೆಯ ಹಿಂದಿಟ್ಟಳು, ಅದು ಕೂತ ಹಾಗೆ ಕಾಣುತ್ತಿತ್ತು. ಎಲ್ಲರೂ ಅಡ್ಡಬಿದ್ದರು. ಮಳವಳ್ಳಿಯಿಂದ ಬಂದಿದ್ದ ಸಿದ್ದರಾಜು ನನ್ನ ಕಡೆ ನೋಡಲೇ ಇಲ್ಲ.

ಜನ ಹೊರಡುವ ಗಡಿಬಿಡಿಯಲ್ಲಿ ನಾನು ಏಣಿ ಹತ್ತಿದೆ. ಅಪ್ಪ ಕೊನೆಯವನಾಗಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಹಿರಿಯರು ಬಂದು ಉಣ್ಣುವ ತನಕ ಹೊರಗೆ ಯಾರೂ ಮಾತಾಡುವ ಹಾಗಿಲ್ಲ.

ಅಷ್ಟು ಜನರಿರುವ ಮನೆ ಅಷ್ಟು ಸುಮ್ಮನಾದದ್ದನ್ನು ನಾನು ಕೇಳಿರಲಿಲ್ಲ. ಸುಮ್ಮನಿರುವುದನ್ನೂ ಕೇಳಬಹುದು ಎಂದು ಅವತ್ತು ಗೊತ್ತಾಯಿತು. ಕೆಳಗೆ ಒಂದೇ ಹಣತೆ. ಅದರ ಬೆಳಕಿನಲ್ಲಿ ತೇವ ಮಿರುಗುತ್ತಿತ್ತು. ಹೆಗಲು, ಸೊಂಟ, ಮಡಿಸಿದ ಮಂಡಿ. ನೋಡುತ್ತಾ ನೋಡುತ್ತಾ ಆ ಮಂಡಿ ಇನ್ನಷ್ಟು ಮಡಿಸಿದ ಹಾಗೆ ಕಂಡಿತು. ನೆಲದ ಅಡಿಯಲ್ಲೆಲ್ಲೋ 'ಗುಳುಕ್' ಎಂದಿತು, ನೀರು ನುಂಗಿದ ಗಂಟಲಿನಂತೆ.

ಈಗಲೇ ಹೇಳಬೇಕು ಎಂದುಕೊಂಡೆ. ಬಾಯಿ ತೆರೆದೆ.

"ದೇವಾ..."

ಹೇಳಿದ್ದು ನಾನಲ್ಲ.

ಅಜ್ಜಿಯ ದನಿ. ನಾನು ಮಾಡುವ ಅಜ್ಜಿಯ ದನಿಯಲ್ಲ, ಅಜ್ಜಿಯದೇ. ನನ್ನದರಲ್ಲಿ ಇಲ್ಲದ ಒಂದು ದಣಿವು ಅದರಲ್ಲಿತ್ತು, ಹೊಗೆಸೊಪ್ಪಿನ ಒಂದು ಕರಕರ ಇತ್ತು. ಎಲ್ಲಿಂದ ಬಂತೆಂದು ಹೇಳಲಾರೆ. ಗೋಡೆಯೇ ಮಾತಾಡಿದ ಹಾಗಿತ್ತು.

"ದೇವಾ, ಚಳಿ ಕಣ್ಲಾ. ಬೆನ್ನೆಲ್ಲ ನೀರು. ನನ್ನ ಮ್ಯಾಲಿಂದ ಈ ಮಣ್ಣ ತಗೀಲಾ, ಮಗ."

ಹೊರಗೆ ಯಾರದೋ ಕೈಯಿಂದ ಚೊಂಬು ಬಿತ್ತು. ಅಟ್ಟದ ತೊಲೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ.

"ಅಂಗೇ ಆ ಅಟ್ಟದ ಮ್ಯಾಲೆ ಒಬ್ಬಳು ಮೂಳಿ ಅವಿತ್ಕಂಡವಳೆ ನೋಡು" ಅಂದಿತು ದನಿ. "ನನ್ನ ಬಾಯಿ ಕದಿಯಾಕ್ಕೆ ಬಂದವಳೆ. ಇಳೀಯೇ ಕೆಳೀಕೆ!"

ಇಳಿಯಲಿಲ್ಲ. ಬಿದ್ದೆ. ಏಣಿ ಒಂದು ಕಡೆ, ನಾನೊಂದು ಕಡೆ. ಎರಡೂ ಕಾಲು ಹೋಗಿ ಊರಿದ್ದು ತೇವದ ನಟ್ಟನಡುವೆ. ನೆಲ ಒಂದು ಕ್ಷಣ ತಡೆಯಿತು. ಆಮೇಲೆ ಹಳೆಯ ರೊಟ್ಟಿ ಮುರಿದ ಹಾಗೆ ಮುರಿದು ನನ್ನನ್ನು ಒಳಗೆ ಎಳೆದುಕೊಂಡಿತು. ಸೊಂಟದ ತನಕ ಹಿಮದಂಥ ನೀರು. ಹಣತೆ ಆರಿತು. ಕೊಳೆತ ವಾಸನೆ. ಕಾಲಿಗೆ ಉದ್ದುದ್ದ ಏನೋ ಸುತ್ತಿಕೊಳ್ಳುತ್ತಿತ್ತು, ನೆನೆದ ಕೂದಲಿನಂತೆ. ಆಗ ನಾನು ಕಿರುಚಿದ ಕಿರುಚು ಮಾತ್ರ ನನ್ನ ಸ್ವಂತದ್ದು.

ಬಾಗಿಲು ಒದ್ದು ತೆರೆದ ಸದ್ದು. ಓಡಿ ಬಂದ ಕಾಲು. ಒಂದು ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಬೆಚ್ಚಗಿತ್ತು, ಸ್ವಲ್ಪ ಒರಟು. ಕತ್ತಲಲ್ಲೂ ಗೊತ್ತಾಯಿತು ಯಾರದೆಂದು.

"ಅಲ್ಲಾಡಬ್ಯಾಡ. ನಾನಿದ್ದೀನಿ" ಅಂದ ಸಿದ್ದರಾಜು.

ಅಪ್ಪ ಹೊಸ್ತಿಲಲ್ಲೇ ನಿಂತಿದ್ದ. ಅವನು ನಮ್ಮನ್ನು ನೋಡುತ್ತಿರಲಿಲ್ಲ. ಬರಿಯ ಕತ್ತಲನ್ನು ನೋಡುತ್ತಾ ಕೈ ಜೋಡಿಸಿದ್ದ.

"ತಗೀತೀನಿ ಕಣವ್ವ" ಅಂದ. ಅಪ್ಪ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಚಿಕ್ಕ ಹುಡುಗನ ದನಿ. "ನಾಳೀಕೇ ತಗೀತೀನಿ. ಬಾಳ ಚಳಿಯಾ ಅವ್ವ? ನಂಗೆ ಗೊತ್ತಾಗ್ನಿಲ್ಲ ಕಣವ್ವ..."

ಗೋಡೆ ಸುಮ್ಮನಿತ್ತು. ಆಮೇಲೆ ಅದೇ ದನಿ, ಅಜ್ಜಿಯ ಅದೇ ದನಿ, ಒಡೆದು ಅಳುತ್ತಾ ಕರೆಯಿತು.

"ಅಣ್ಣಾ..."

ಅಪ್ಪನ ಕೈ ಜಾರಿ ಕೆಳಗೆ ಬಂತು. ಸತ್ತ ತಾಯಿ ಮಗನನ್ನು ಅಣ್ಣ ಎಂದು ಕರೆಯುವುದಿಲ್ಲ. ಅವನು ತಲೆಯೆತ್ತಿ ಹಿಂದಿನ ಗೋಡೆಯ ಗವಾಕ್ಷಿಯನ್ನು ನೋಡಿದ. ತಿರುಗಿ ಹಿತ್ತಿಲಿಗೆ ನಡೆದ. ಅವನ ಹೆಜ್ಜೆಯ ಸದ್ದು ಕೇಳಿ ನನಗೆ ಮತ್ತೆ ಭಯವಾಯಿತು. ಈ ಸಲದ್ದು ಬದುಕಿರುವವರ ಭಯ.

"ಯಾರದು ಹೊರಗೆ?" ಅಂದೆ, ಹಲ್ಲು ಕಟಕಟ ಅನ್ನುತ್ತಿತ್ತು.

"ನಮ್ಮವ್ವ."

"ಅತ್ತೆಯಾ? ಅತ್ತೆಗೆ ಈ ದನಿ..."

"ಅದು ಅವಳದೇ ದನಿ. ವಯಸ್ಸಾಗ್ತಾ ಆಗ್ತಾ ಅಜ್ಜಿಯದೇ ಆಗೋಗದೆ. ನಿಮ್ಮ ಮನೇಲಿ ಕೇಳಿದೋರು ಯಾರು, ಮಾತೇ ಇಲ್ವಲ್ಲ. ನೀನು ಹಿಂಗಿಂಗೆ ಮಾಡ್ತೀಯ ಅಂತ ಅವಳಿಗೆ ಹೇಳ್ದೆ, ಬುದ್ಧಿ ಹೇಳಿ ನಿಲ್ಲಿಸ್ತಳೆ ಅಂತ. 'ಆ ಮೂಳೀಗೆ ನಾನೇ ಒಸಿ ಕಲಿಸ್ತೀನಿ ನಡಿ' ಅಂದು ನನಗಿಂತ ಮೊದಲು ಬಸ್ಸು ಹತ್ತಿದ್ಲು. ನಿನ್ನ ಹೆದರಿಸಿದ್ರೆ ಸಾಕು ಅಂದಿದ್ದೆ. ನಿಮ್ಮಪ್ಪನ್ನ ಕರೀತಳೆ ಅಂತ ನಂಗೂ ಗೊತ್ತಿರ್ಲಿಲ್ಲ."

"ಅಂದ್ರೆ ನೀವೇ! ನೀವೇ ನನ್ನ..." ಕೈ ಕಿತ್ತುಕೊಳ್ಳಲು ಹೋದೆ. ಕಾಲ ಕೆಳಗೆ ಮತ್ತಷ್ಟು ಕುಸಿಯಿತು. ಎರಡೂ ಕೈಯಲ್ಲಿ ಅವನ ತೋಳು ಹಿಡಿದೆ. "ಬಿಡಬೇಡಿ, ಬಿಡಬೇಡಿ!"

"ಬುಡಾಕ್ಕೆ ಇಡ್ಕಂಡಿಲ್ಲ ಕಣಮ್ಮಿ."

ನೆನೆದ ಸೀರೆ, ಕೊಳೆತ ನೀರು, ಕತ್ತಲು. ಪ್ರೇಮದ ಮಾತು ಆಡುವುದಕ್ಕೆ ಯಾರೂ ಆರಿಸಿಕೊಳ್ಳದ ಜಾಗ. ಆದರೂ ಅವನ ಉಸಿರು ನನ್ನ ಹಣೆಗೆ ತಾಗುವಷ್ಟು ಹತ್ತಿರವಿತ್ತು. ಅದರಲ್ಲಿನ ನಡುಕ ನನಗಾಗಿ ಎಂದು ಗೊತ್ತಾಗುತ್ತಿತ್ತು.

"ಕೊಪ್ಪದೋರು ಬಂದರೆ ನಾನು ಇಲ್ಲೇ ಇಳಿದು ಕೂತ್ಕೊಳ್ತೀನಿ" ಅಂದೆ, ನನ್ನದೇ ದನಿಯಲ್ಲಿ. "ನಿಮ್ಮನ್ನು ಬಿಟ್ಟು ಇನ್ಯಾರ ಮನೆ ನೆಲಾನೂ ನನ್ನ ಕಾಲು ಒಪ್ಪಲ್ಲ ಬಾವ."

ಅವನು ಕಂಕುಳಿಗೆ ಕೈ ಕೊಟ್ಟು ಎತ್ತಿ ಗಟ್ಟಿ ನೆಲದ ಮೇಲೆ ಕೂರಿಸಿದ. ಕಾಲಿಗೆ ಸುತ್ತಿದ್ದ ನೆನೆದ ಹುಲ್ಲನ್ನು ಒಂದೊಂದೇ ಎಳೆಯಾಗಿ ಬಿಡಿಸಿದ. ಬಿಡಿಸಿ ಮುಗಿದ ಮೇಲೂ ಅವನ ಕೈ ಪಾದದ ಮೇಲೇ ಉಳಿಯಿತು.

ಅವ್ವ ದೀಪ ತಂದಾಗ ಎಲ್ಲರಿಗೂ ಕಂಡಿತು. ಅದು ಹಗೇವು. ತಾತನ ಕಾಲದಲ್ಲಿ ರಾಗಿ ತುಂಬಿಡುತ್ತಿದ್ದ ನೆಲದಡಿಯ ಕಣಜ. ಬಾಯಿ ಮುಚ್ಚಿ ಸಾರಿಸಿ ಎಲ್ಲರೂ ಮರೆತಿದ್ದರು. ಊರಿಗೆ ನಾಲೆ ನೀರು ಬಂದ ಮೇಲೆ ಅಂತರ್ಜಲ ಮೇಲೇರಿ, ಒಳಗೆ ಹಾಸಿದ್ದ ಹುಲ್ಲು ಕೊಳೆತು, ನೀರು ತುಂಬಿ, ಮಣ್ಣನ್ನು ಕೆಳಗಿನಿಂದ ತಿನ್ನುತ್ತಾ ಬಂದಿತ್ತು. ಒಂದಲ್ಲ ಒಂದು ದಿನ ಒಂದು ಮಗು ಅದರಲ್ಲಿ ಹೋಗುತ್ತಿತ್ತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಇಷ್ಟೂ ಸರಿ. ಆದರೆ ಹಗೇವಿನ ಬಾಯಿ ದುಂಡಗಿತ್ತು. ದುಂಡು ಬಾಯಿಯ ಮೇಲೆ ಮಂಡಿ ಮಡಿಸಿ ಮಲಗಿದ ತೇವ ಹೇಗೆ ಬಂತೆಂದು ನಾನು ಯಾರನ್ನೂ ಕೇಳಿಲ್ಲ.

ಆಗ ಹಿತ್ತಿಲಿನಿಂದ ಒಂದು ಸದ್ದು ಬಂತು. ಎದೆಯಿಂದ ಕಿತ್ತು ಬಂದ ಹಾಗಿತ್ತು, ತಡೆದು ತಡೆದು. ಅಪ್ಪ ಅಳುತ್ತಿದ್ದಾನೆ ಎಂದುಕೊಂಡು ಎಲ್ಲರೂ ಓಡಿದೆವು.

ಅತ್ತೆ ಗೋಡೆಯ ಪಕ್ಕ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತಿದ್ದಳು. ಗವಾಕ್ಷಿಗೆ ಬಾಯಿ ಎಟುಕಲೆಂದು ಹತ್ತಿದವಳು ಇಳಿಯಲಾರದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪ ಅವಳೆದುರು ನಿಂತು ತಡೆದು ತಡೆದು ನಗುತ್ತಿದ್ದ.

"ಎಲ್ಲಿ, ಇನ್ನೊಂದು ಕಿತ ಕರಿ" ಅನ್ನುತ್ತಿದ್ದ.

"ಬ್ಯಾಡ ಕಣಣ್ಣ, ತಪ್ಪಾಯ್ತು. ಈ ಮೂಳಿಯ ಎದರ್ಸಾನ ಅಂತ ಬಂದೆ. ನಿನ್ನೆಸ್ರು ಬಾಯಿಗೆ ಬಂದ್ಬುಡ್ತು."

"ಕರಿಯೇ ಅಂದ್ರೆ!"

"ದೇವಾ" ಅಂದಳು ಅತ್ತೆ.

ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೆ ಬಾಯಿ ನಗುತ್ತಿತ್ತು. "ಒಸಿ ಬಯ್ಯಿ. ಅವ್ವ ಬಯ್ತಿದ್ಲಲ್ಲ, ಅಂಗೆ."

"ಎದ್ದೋಗ್ಲಾ ಮೂದೇವಿ, ಎಡೆ ಆರೋಯ್ತದೆ!"

ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. ಚಿಕ್ಕಮ್ಮ, ಅವ್ವ, ಮಕ್ಕಳು, ಒಬ್ಬರ ಹಿಂದೆ ಒಬ್ಬರು. ಒದ್ದೆ ಸೀರೆಯಲ್ಲಿ ನಡುಗುತ್ತಾ ನಾನೂ ನಕ್ಕೆ. ಅಪ್ಪ ತಂಗಿಗೆ ಕೈ ಕೊಟ್ಟು ಕಲ್ಲಿನಿಂದ ಇಳಿಸಿದ.

"ನಾಳೆ ಒತ್ತಾರೆ ಮಣ್ಣು ಆಚೆ ಆಕಿಸ್ತೀನಿ. ಮದ್ದೂರಿನ ಸಾಬರಿಗೆ ಏಳಿ ಕಳುಸ್ತೀನಿ. ಗಾರೆ ಒಣಗ್ಲಿ, ಮೊದ್ಲ ಎಜ್ಜೆ ನಿಂದು. ನಿನ್ನ ಗಂಡನ್ನ ಮೊದಲ್ನೇ ಪಂಕ್ತೀಲಿ ಕೂರುಸ್ತೀನಿ. ನಮ್ಮುಡುಗೀ ವೀಳ್ಯ ಇಸ್ಕ."

"ಕೊಪ್ಪದೋರಿಗೆ ಮಾತು ಕೊಟ್ಟಿದ್ದೀಯಂತಲ್ಲಣ್ಣ?" ಅಂದಳು ಅತ್ತೆ. "ಏನಂತ ಏಳೀಯೆ?"

ಅಪ್ಪ ಒಂದು ಗಳಿಗೆ ಯೋಚಿಸಿದ. ಗವಾಕ್ಷಿ ನೋಡಿದ, ನನ್ನನ್ನು ನೋಡಿದ, ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ಸಿದ್ದರಾಜುವನ್ನು ನೋಡಿದ.

"ನಮ್ಮವ್ವ ಬಂದು ಬ್ಯಾಡ ಅಂದ್ಲು ಅಂತೀನಿ" ಅಂದ.

ಅಂದವನೇ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ನಮ್ಮೆಲ್ಲರ ನಗುವನ್ನೂ ಮುಳುಗಿಸಿ ನಕ್ಕ. ಬೀದಿಯ ಆಚೆಯ ಮನೆಗಳಲ್ಲಿ ಒಂದೊಂದಾಗಿ ದೀಪ ಹೊರಗೆ ಬಂತು, ದೇವಯ್ಯನ ಮನೆಯಲ್ಲಿ ಅಮಾವಾಸ್ಯೆಯ ಸಂಜೆ ಇದೇನೆಂದು ನೋಡಲು. ಅವನಿಗೆ ನಗು ನಿಲ್ಲಲೇ ಇಲ್ಲ.